ಜೀರಿಗೆ ಪೊಟ್ಟಣದ ಮಲ್ಲಿ

“ಹರೀಬ್ಯಾಡ ಕಣೋ ಗಂಗಾಧರಾ! ದಾರ ಬಿಚ್ಚು, ದಾರ!”

ನೆರೆಮನೆಯ ತೀರ್ಥಮ್ಮ ಕೂಗಿದ ರಭಸಕ್ಕೆ ನಡುಮನೆಯಲ್ಲಿ ಭಜನೆ ಹೇಳುತ್ತಿದ್ದವರ ತಾಳ ತಪ್ಪಿತು. ಗಂಗಾಧರಯ್ಯನ ಹೆಬ್ಬೆರಳ ಉಗುರು ಆಗಲೇ ವಿಭೂತಿ ಪೊಟ್ಟಣದ ಒಂದು ಮೂಲೆಯನ್ನು ಸೀಳಿತ್ತು. ತೀರ್ಥಮ್ಮ ಕೂತವರ ಕಾಲು ದಾಟಿಕೊಂಡು ಬಂದವಳೇ ಪೊಟ್ಟಣವನ್ನು ಅವನ ಕೈಯಿಂದ ಕಿತ್ತುಕೊಂಡಳು.

“ಏನ್ ಚಿಕ್ಕಮ್ಮ ಇದು?” ಎಂದ ಗಂಗಾಧರಯ್ಯ. ಬೆಳಗಿನಿಂದ ಅತ್ತು ಅವನ ಗಂಟಲು ಕಟ್ಟಿತ್ತು. “ಅಯ್ಯನೋರು ವಿಭೂತಿ ಕೇಳ್ತಾವ್ರೆ.”

“ಕೊಡ್ತೀನಿ ತಡಿ. ತಟ್ಟೆ ಹಿಡಿ.”

ಅವಳು ಗುರುಶಾಂತಮ್ಮನ ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕೂತು ಗಂಟು ಬಿಚ್ಚತೊಡಗಿದಳು. ಗುರುಶಾಂತಮ್ಮನನ್ನು ಗೋಡೆಗೆ ಒರಗಿಸಿ ಪದ್ಮಾಸನದಲ್ಲಿ ಕೂರಿಸಿದ್ದರು. ಹಣೆಯ ತುಂಬ ವಿಭೂತಿ, ಕೊರಳಲ್ಲಿ ಸೇವಂತಿಗೆ ಹಾರ. ಕನ್ನಡಕ ತೆಗೆದಿಟ್ಟಿದ್ದರಿಂದ ಮುಖ ಯಾರದೋ ಅನ್ನಿಸುತ್ತಿತ್ತು. ಬದುಕಿದ್ದಾಗ ಹೀಗೆಯೇ ಗೋಡೆಗೊರಗಿ, ತೊಡೆಯ ಮೇಲೆ ಇಂಥದೇ ಒಂದು ಹಾಳೆ ಹರಡಿಕೊಂಡು ಕೂರುತ್ತಿದ್ದ ಜೀವ.

ತೀರ್ಥಮ್ಮ ಬೂದಿಯನ್ನು ತಟ್ಟೆಗೆ ಸುರಿದು ಕಾಗದ ಕೊಡವಿದಳು. ಅಕ್ಷರ ಅವಳಿಗೆ ಬಾರದು. ಆದರೆ ಹಾಳೆಯ ನೆತ್ತಿಯ ಮೇಲಿನ ಚಿತ್ರ ಬರುತ್ತಿತ್ತು: ರೈಲು ಕಂಬಿ, ಕೈಮರ, ಲಾಟೀನು ಹಿಡಿದ ಹೆಂಗಸು.

ಬಾಗಿಲ ಹೊರಗಿನಿಂದ ಹನುಮಂತಮ್ಮ ಕತ್ತು ಉದ್ದ ಮಾಡಿದಳು. ಸಂತೆಯಲ್ಲಿ ಈರುಳ್ಳಿ ಮಾರುವವಳು. ಅವಳ ಪಿಸುಮಾತೂ ಬೀದಿಗೆ ಕೇಳುತ್ತಿತ್ತು. “ಅದೇನಾ ತೀರ್ಥಕ್ಕಾ? ಅದೇನಾ?”

“ಅದೇ ಕಣೇ!”

“ಅಯ್ಯೋ ನನ್ ಶಿವನೇ! ಓದ್ಸು ಮತ್ತೆ!”

“ಅವ್ವನ್ನ ಕೂರ್ಸಿದೀವಿ ಇಲ್ಲಿ,” ಎಂದ ಗಂಗಾಧರಯ್ಯ. “ನಿಮಗೆ ಕತೆ ಬೇಕಾ ಈಗ?”

ತೀರ್ಥಮ್ಮನ ಕಿವಿ ಬಿಸಿಯಾಯಿತು. ಗಂಗಾಧರಯ್ಯನ ಹೆಂಡತಿ ಪಂಕಜಾಕ್ಷಿ ಮೆಲ್ಲಗೆ ಬಂದು ಕಾಗದ ತೆಗೆದುಕೊಂಡು, ಸೀಳಿದ ಮೂಲೆಯನ್ನು ಬೆರಳಿಂದ ನೀವಿ, ನಾಲ್ಕು ಮಡಿಕೆ ಮಾಡಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. “ನನ್ನ ಹತ್ರ ಇರುತ್ತೆ ಅತ್ತೆ. ಎಲ್ಲೂ ಹೋಗಲ್ಲ,” ಎಂದು ತೀರ್ಥಮ್ಮನ ಕಿವಿಯಲ್ಲಿ ಹೇಳಿದಳು.

ಅಷ್ಟರಲ್ಲಿ ದಿನಸಿ ಅಂಗಡಿಯ ಷಡಕ್ಷರಿ ಏದುಸಿರು ಬಿಡುತ್ತ ಬಂದ. ಹೆಗಲ ಮೇಲೆ ಪೊಟ್ಟಣ ಕಟ್ಟುವ ದಾರದ ಎಳೆ ಹಾಗೇ ಜೋತಾಡುತ್ತಿತ್ತು.

“ಬಿಚ್ಚಿದ್ರಾ? ಹರೀಲಿಲ್ಲ ತಾನೇ?” ಎಂದು ಕೇಳಿ, ಗುರುಶಾಂತಮ್ಮನ ಕಡೆ ನೋಡಿ ಕೈ ಮುಗಿದು ನಿಂತುಬಿಟ್ಟ. ಆಮೇಲೆ ತೀರ್ಥಮ್ಮನಿಗಷ್ಟೇ ಕೇಳುವಂತೆ ಹೇಳಿದ: “ವಿಭೂತಿ, ಕರ್ಪೂರ ಕೊಡಿ, ಗುರುಶಾಂತಮ್ಮೋರ ಮನೆಗೆ ಅಂದ್ರು. ಆ ಹೆಸರು ಕೇಳ್ತಿದ್ದಂಗೆ ಕೈ ತಾನಾಗೇ ಹಲಗೆ ಕೆಳಗಿನ ಕಟ್ಟಿಗೆ ಹೋಯ್ತು. ಅಭ್ಯಾಸ ನೋಡಿ. ಕಟ್ಟಿ ಕೊಟ್ಟ ಮೇಲೇ ಅವರು ಇಲ್ಲ ಅನ್ನೋದು ನೆನಪಾಗಿದ್ದು.”

ತೀರ್ಥಮ್ಮ ತಲೆ ಆಡಿಸಿದಳು. ಅವಳಿಗೂ ಅಂಥದೇ ಒಂದು ಆಗಿತ್ತು. ಯಾರಿಗೂ ಹೇಳುವಂತಿರಲಿಲ್ಲ.

ಹಿಂದಿನ ಸಂಜೆ ಕತೆ ನಿಂತದ್ದು ರೈಲು ಸ್ಟೇಷನ್ನಿನಲ್ಲಿ. ಗಂಡನ ಮನೆ ಬಿಟ್ಟು ಬಂದ ವಸುಮತಿ, ಮಗಳು ಮಲ್ಲಿಯ ಕೈ ಹಿಡಿದು ಪ್ಲಾಟ್‌ಫಾರ್ಮಿನಲ್ಲಿ ಕೂತಿದ್ದಾಳೆ. ಗಂಡನ ಕಡೆಯವನೊಬ್ಬ ವಾಪಸು ಕರೆಯಲು ಬಂದು ಎದುರಿಗೆ ನಿಂತಿದ್ದಾನೆ. ಅತ್ತ ರೈಲು ಬರುವ ಸೂಚನೆಗೆ ಕೈಮರ ಬಿದ್ದಿದೆ. ರೈಲು ಹತ್ತುತ್ತಾಳೋ, ಅವನ ಹಿಂದೆ ಹೋಗುತ್ತಾಳೋ? “ನಾಳೆ ಹೆಂಗೂ ಬೆಲ್ಲ ತರ್ಸಬೇಕು, ಆಗ ಗೊತ್ತಾಗ್ತದೆ,” ಎಂದು ಗುರುಶಾಂತಮ್ಮ ಹಾಳೆ ಮಡಿಸಿದ್ದಳು. ತೀರ್ಥಮ್ಮನಿಗೆ ರಾತ್ರಿಯೆಲ್ಲ ನಿದ್ದೆ ಹತ್ತಲಿಲ್ಲ. ಬೆಳಗಾಗುತ್ತಲೇ ಹೆಪ್ಪಿಗೆ ಮಜ್ಜಿಗೆ ಬೇಕೆಂಬ ನೆಪ ಮಾಡಿಕೊಂಡು ಬಂದಳು. “ಅಕ್ಕಾ, ನಿನಗೇನ್ ಅನ್ನಿಸ್ತದೆ, ಹತ್ತುತಾಳಾ?” ಎಂದು ಬಾಗಿಲಿನಿಂದಲೇ ಕೇಳಿದಳು. ಅಕ್ಕ ಏಳಲಿಲ್ಲ. ತೀರ್ಥಮ್ಮ ಎದೆ ಬಡಿದುಕೊಂಡು ಅತ್ತಳು, ನಿಜ. ಆದರೆ ಆ ಅಳುವಿನ ನಡುವೆಯೇ ಒಂದು ಮಾತು ಒಳಗೆ ಸುಳಿದುಹೋಗಿತ್ತು: ‘ಇನ್ನು ಆ ರೈಲಿನ ಗತಿ?’

ಆ ನಾಚಿಕೆ ಇನ್ನೂ ಆರಿರಲಿಲ್ಲ. ಆದರೂ ಕಣ್ಣು ಪಂಕಜಾಕ್ಷಿಯ ಸೊಂಟದ ಕಡೆಗೇ ಹೋಗುತ್ತಿತ್ತು.

*

ಗುರುಶಾಂತಮ್ಮ ಓದಿದ್ದು ಅಜ್ಜಂಪುರದ ಶಾಲೆಯಲ್ಲಿ ನಾಲ್ಕನೇ ಕ್ಲಾಸಿನವರೆಗೆ. ಓದುವ ಹುಚ್ಚು ಮಾತ್ರ ಅಲ್ಲಿಗೆ ನಿಲ್ಲಲಿಲ್ಲ. ಗಂಡ ಇದ್ದಷ್ಟು ದಿನ ಅಡುಗೆಮನೆಯಿಂದ ತಲೆ ಎತ್ತಲು ಬಿಡುವಿರಲಿಲ್ಲ. ಅವನು ಹೋದಮೇಲೆ ಬಿಡುವೇ ಬಿಡುವು. ವಾರಪತ್ರಿಕೆ ತರಿಸಿಕೊಡು ಅಂದರೆ ಹಿಟ್ಟಿನ ಗಿರಣಿ ನಡೆಸುವ ಮಗ ಇಲ್ಲವೆನ್ನುತ್ತಿರಲಿಲ್ಲ. ಇವಳೇ ಕೇಳಲಿಲ್ಲ. “ಅದಕ್ಯಾಕೆ ದುಡ್ಡು? ಬೆಲ್ಲದ ಜೊತೆ ಪುಕ್ಕಟೆ ಬತ್ತದಲ್ಲ,” ಎನ್ನುತ್ತಿದ್ದಳು.

ಅಂಗಡಿಯಿಂದ ಬಂದ ಪೊಟ್ಟಣವನ್ನು ಅವಳು ಬಿಚ್ಚುವುದನ್ನು ನೋಡಬೇಕಿತ್ತು. ಮೊದಲು ದಾರವನ್ನು ಬೆರಳಿಗೆ ಸುತ್ತಿ ಗೂಟಕ್ಕೆ ಹಾಕುವಳು. ಸಾಮಾನನ್ನು ಡಬ್ಬಿಗೆ ಸುರಿದು, ಕಾಗದ ಕೊಡವಿ, ಬಿಸಿನೀರು ತುಂಬಿದ ಚೊಂಬನ್ನು ಅದರ ಮೇಲೆ ಆಡಿಸಿ ಇಸ್ತ್ರಿ ಮಾಡುವಳು. ಬೆಲ್ಲ ಕಟ್ಟಿದ ಹಾಳೆಯಾದರೆ ಇರುವೆ ಓಡಿಸುವಳು. ಆಮೇಲೆ ಕನ್ನಡಕ.

ಒಂದು ದಿನ ಅವಳು ಷಡಕ್ಷರಿಯ ಅಂಗಡಿಗೆ ಜಗಳಕ್ಕೇ ಹೋದಳು. ತೀರ್ಥಮ್ಮನೂ ಜೊತೆಗಿದ್ದಳು.

“ನಿನ್ನೆ ಮೆಂತ್ಯ ಕಟ್ಟಿದ್ದೆಯಲ್ಲಪ್ಪ, ಅದರ ಮುಂದಿನ ಹಾಳೆ ಎಲ್ಲಿ?”

“ಯಾಕಮ್ಮಾ, ಮೆಂತ್ಯದಲ್ಲಿ ಹುಳ ಇತ್ತಾ?”

“ಮೆಂತ್ಯ ಚೆನ್ನಾಗೇ ಐತೆ. ವಸುಮತಿ ಬಾವಿಕಟ್ಟೆ ಮೇಲೆ ಕಾಲಿಟ್ಟವ್ಳೆ. ಬಿದ್ದಳೋ, ಇಲ್ಲವೋ?”

ಷಡಕ್ಷರಿ ತಕ್ಕಡಿ ಕೆಳಗಿಟ್ಟು ಹೊಟ್ಟೆ ಹಿಡಿದುಕೊಂಡು ನಕ್ಕ. ತರೀಕೆರೆಯಲ್ಲಿ ಫಾರೆಸ್ಟ್ ಇಲಾಖೆಯ ದೊಡ್ಡ ಸಾಹೇಬರೊಬ್ಬರು ಮನೆ ಖಾಲಿ ಮಾಡುವಾಗ ತೂಕಕ್ಕೆ ಹಾಕಿದ್ದ ಹಳೇ ವಾರಪತ್ರಿಕೆಗಳ ರಾಶಿ ಅದು. ಹುಡುಕಿ ನೋಡಿದರೆ ಮುಂದಿನ ಹಾಳೆ ಒಣಮೆಣಸಿನಕಾಯಿ ಸುತ್ತಿಕೊಂಡು ಯಗಟಿ ಕಡೆಯ ಕುರಿ ವ್ಯಾಪಾರದವರ ಜೊತೆ ಹೋಗಿಯಾಗಿತ್ತು. “ಹೋದ್ರೆ ಹೋಯ್ತು ಬಿಡಿ, ಬೇರೆ ಕತೆ ಕೊಡ್ತೀನಿ,” ಎಂದ.

“ಬಾವಿಕಟ್ಟೆ ಮೇಲೆ ನಿಂತೋಳನ್ನ ಹಂಗೇ ಬಿಟ್ಟು ಬೇರೆ ಕತೆ ಓದಕ್ಕಾಗ್ತದೇನೋ? ಮನುಷ್ಯನಾ ನೀನು?”

ಮುಂದಿನ ಸಂತೆಗೆ ಆ ಕುರಿಯವರು ಬಂದಾಗ ಮೆಣಸಿನಕಾಯಿ ಸುತ್ತಿದ್ದ ಕಾಗದ ಅವನ ಕೈಗೆ ವಾಪಸು ಬಂತು. ಅವರಿಗೆ ಏನೆಂದು ಹೇಳಿ ಕಳಿಸಿದ್ದನೋ! ಗುರುಶಾಂತಮ್ಮ ಸೀನುತ್ತ ಸೀನುತ್ತ ಆ ಹಾಳೆ ಓದಿದಳು. ಕೇಳುತ್ತ ಕೂತಿದ್ದ ತೀರ್ಥಮ್ಮನೂ ಹನುಮಂತಮ್ಮನೂ ಸೀನಿದರು. ವಸುಮತಿ ಬಾವಿಗೆ ಬೀಳಲಿಲ್ಲ.

ಅಂದಿನಿಂದ ಷಡಕ್ಷರಿ ಆ ಕತೆಯ ಹಾಳೆಗಳನ್ನೆಲ್ಲ ಆರಿಸಿ ಹಲಗೆ ಕೆಳಗೆ ಬೇರೆಯೇ ಕಟ್ಟಿಟ್ಟ. ಗುರುಶಾಂತಮ್ಮನ ಮನೆಯ ಸಾಮಾನಿಗೆ ಆ ಕಟ್ಟಿನಿಂದಲೇ, ಸಾಲಿಗೆ ಸರಿಯಾಗಿ. “ಈ ಅಮ್ಮ ಒಂದು ಕೆಜಿ ಸಕ್ಕರೇನ ಹತ್ತು ಸಲ ಒಯ್ತಾರೆ. ನನ್ನ ತಕ್ಕಡಿ ಸವೆದೋಯ್ತು,” ಎಂದು ಗಿರಾಕಿಗಳ ಮುಂದೆ ಗೊಣಗುತ್ತಿದ್ದ. ಒಟ್ಟಿಗೆ ಒಯ್ಯಿರಿ ಎಂದು ಮಾತ್ರ ಒಂದು ದಿನವೂ ಹೇಳಲಿಲ್ಲ.

ಮಧ್ಯಾಹ್ನದ ಬಿಸಿಲು ಇಳಿದ ಮೇಲೆ ಗುರುಶಾಂತಮ್ಮನ ಜಗಲಿ ತುಂಬುತ್ತಿತ್ತು. ಕಾಲಕ್ಕೆ ತಕ್ಕಂತೆ ಅವರೆ ಸುಲಿಯುವುದು, ಹುಣಸೆಹಣ್ಣು ಜಜ್ಜಿ ಬೀಜ ತೆಗೆಯುವುದು. ಕೈ ಕೆಲಸದಲ್ಲಿ, ಕಿವಿ ಕತೆಯಲ್ಲಿ. ಕತೆಯ ಭಾಗಗಳಿಗೆ ಅವರೇ ಹೆಸರಿಟ್ಟುಕೊಂಡಿದ್ದರು. ಬಾವಿಯದು ಮೆಣಸಿನಕಾಯಿ ಭಾಗ, ಅತ್ತೆ ಕಾಟ ಕೊಟ್ಟದ್ದು ಇಂಗಿನ ಭಾಗ, ಮಲ್ಲಿಗೆ ಜ್ವರ ಬಂದದ್ದು ಜೀರಿಗೆ ಭಾಗ.

*

ವಿಮಾನ ಎತ್ತಿದಾಗ ಬಿಸಿಲು ಇಳಿದಿತ್ತು. ಬಾಳೆಕಂಬ, ಹೂವು ಕಟ್ಟಿದ ಮಂಟಪದಂಥ ಆ ವಿಮಾನದೊಳಗೆ ಗುರುಶಾಂತಮ್ಮ ನೆಟ್ಟಗೆ ಕೂತು ಊರು ನೋಡುತ್ತ ಹೊರಟಳು. ಮುಂದೆ ತಮಟೆ, ಹಿಂದೆ ಹೆಂಗಸರು. ಸ್ಟೇಷನ್ ರಸ್ತೆ ದಾಟಿ ರೈಲ್ವೆ ಗೇಟಿನ ಹತ್ತಿರ ಬರುವುದಕ್ಕೂ ಗೇಟು ಬೀಳುವುದಕ್ಕೂ ಸರಿಹೋಯಿತು. ಸಮಾಧಿಗೆಂದು ಗದ್ದುಗೆ ತೋಡಿದ್ದ ಹೊಲ ಕಂಬಿಯ ಆಚೆಗಿತ್ತು.

“ಗಾಡಿ ಬಿಟ್ಟಾಗೈತೆ ಸ್ವಾಮಿ, ತೆಗೆಯಂಗಿಲ್ಲ. ತಪ್ಪು ತಿಳ್ಕೋಬ್ಯಾಡಿ,” ಎಂದು ಗೇಟಿನವನು ಪೇಟ ತೆಗೆದು ವಿಮಾನಕ್ಕೆ ಕೈ ಮುಗಿದ.

ಹೊತ್ತವರು ಹೆಗಲು ಬದಲಿಸಿ, ಕೊನೆಗೆ ಅಯ್ಯನವರನ್ನು ಕೇಳಿ ವಿಮಾನವನ್ನು ಹೊಂಗೆ ಮರದ ನೆರಳಿನಲ್ಲಿ ಇಳಿಸಿದರು. ತಮಟೆ ನಿಂತಿತು. ಗುರುಶಾಂತಮ್ಮ ಕಂಬಿಗೆ ಮುಖ ಮಾಡಿ ಕೂತಿದ್ದಳು. ಥೇಟು ಗಾಡಿಗೆ ಕಾದವಳ ಹಾಗೆ.

ಹನುಮಂತಮ್ಮನಿಗೆ ತಡೆಯಲಾಗಲಿಲ್ಲ. “ನೋಡ್ರೇ, ಗೇಟ್ ಹಾಕ್ಸಿದ್ದು ಶಾಂತಕ್ಕನೇ! ಕತೆ ಕೇಳ್ದೆ ಇಲ್ಲಿಂದ ಅಲ್ಲಾಡಲ್ಲ ಅಂತಾವ್ಳೆ.”

ಯಾರೋ ಸೆರಗಿನಲ್ಲಿ ನಕ್ಕರು. ಇನ್ನೊಬ್ಬರು ನಕ್ಕರು. ತೀರ್ಥಮ್ಮ ಹೆದರಿ ಗಂಗಾಧರಯ್ಯನ ಕಡೆ ನೋಡಿದಳು. ಅವನು ತಾಯಿಯ ಮುಖ ನೋಡುತ್ತಿದ್ದ, ಆಮೇಲೆ ಕಂಬಿ, ಆಮೇಲೆ ಕೈಮರ. ಬೆಳಗಿನಿಂದ ಬಿಗಿದಿದ್ದ ಅವನ ಮೋರೆ ಸಡಿಲವಾಯಿತು.

“ಓದು ಪಂಕಜಾ,” ಎಂದ. “ಅವ್ವನಿಗೆ ಕೇಳೋ ಹಾಗೆ ಗಟ್ಟಿಯಾಗಿ ಓದು. ಬೆಳಿಗ್ಗೆ ನಾನು ಬೈದದ್ದು ಮನಸ್ಸಿಗೆ ಹಚ್ಕೋಬೇಡ ಚಿಕ್ಕಮ್ಮ.”

ಹೆಂಗಸರು ದಬದಬ ವಿಮಾನದ ಸುತ್ತ ಮುತ್ತಿಕೊಂಡರು. ಷಡಕ್ಷರಿಯೂ ಬಂದು ಮರಕ್ಕೆ ಒರಗಿ ನಿಂತ. ಪಂಕಜಾಕ್ಷಿ ಸೊಂಟದಿಂದ ಹಾಳೆ ತೆಗೆದು ಬಿಡಿಸಿದಳು. ಮಡಿಕೆಯಲ್ಲಿ ಉಳಿದಿದ್ದ ವಿಭೂತಿ ಅವಳ ಬೆರಳಿಗೆ ಹತ್ತಿತು. ತೀರ್ಥಮ್ಮನ ಒಂದು ಕೈ ತಾನಾಗಿಯೇ ಹೋಗಿ ಗುರುಶಾಂತಮ್ಮನ ಮಂಡಿಯ ಮೇಲೆ ಕೂತಿತು.

ಪಂಕಜಾಕ್ಷಿ ಗಂಟಲು ಸರಿಮಾಡಿಕೊಂಡು ಓದಿದಳು: “‘ಪ್ಲಾಟ್‌ಫಾರ್ಮಿನ ಕೊನೆಯ ಬೆಂಚಿನ ಮೇಲೆ ವಸುಮತಿ ಒಬ್ಬಳೇ ಕುಳಿತಿದ್ದಳು.’”

“ಒಬ್ಬಳೇನಾ?” ಎಂದಳು ತೀರ್ಥಮ್ಮ. “ಮಲ್ಲಿ ಎಲ್ಲಿ? ಕೈ ಹಿಡ್ಕೊಂಡು ಕೂತಿದ್ಲಲ್ಲ!”

“ಹೌದು ಕಣವ್ವ, ನಿನ್ನೆ ಶಾಂತಕ್ಕ ಹಂಗೇ ಓದಿದ್ದು,” ಎಂದಳು ಹನುಮಂತಮ್ಮ. “ಎಲ್ಲೋಯ್ತು ಮಗ?”

ಪಂಕಜಾಕ್ಷಿಯ ಕಣ್ಣು ಸಾಲಿನಿಂದ ಸಾಲಿಗೆ ಓಡಿತು. ಒಂದು ಕಡೆ ನಿಂತಿತು. ಅವಳು ತಲೆ ಎತ್ತಿ ತೀರ್ಥಮ್ಮನನ್ನು ನೋಡಿದಳು, ಮತ್ತೆ ಹಾಳೆ ನೋಡಿದಳು, ಆಮೇಲೆ ಎರಡನ್ನೂ ಬಿಟ್ಟು ಕಂಬಿಯ ಮೇಲಿನ ಜಲ್ಲಿಕಲ್ಲು ನೋಡಿದಳು.

“ಮಲ್ಲಿ… ನೀರು ಕುಡಿಯೋಕೆ ನಲ್ಲಿ ಹತ್ರ ಹೋಗಿದ್ಲಂತೆ,” ಎಂದಳು.

“ಹಂಗ್ ಹೇಳು! ನನ್ ಜೀವಾನೇ ಹೋಗಿತ್ತು,” ಎಂದು ಹನುಮಂತಮ್ಮ ಉಸಿರು ಬಿಟ್ಟಳು.

ತೀರ್ಥಮ್ಮ ಮಾತ್ರ ಪಂಕಜಾಕ್ಷಿಯ ಮುಖವನ್ನೇ ನೋಡಿದಳು. ಅಕ್ಷರ ಬಾರದವಳು ನಿಜ. ಆದರೆ ಓದುವವರ ಮುಖವನ್ನು ಅವಳಷ್ಟು ದಿನ ನೋಡಿದವರು ಯಾರಿದ್ದಾರೆ? ಓದುವಾಗ ಕಣ್ಣು ಹೊಲ ಉಳುವ ಎತ್ತಿನಂತೆ ಈ ಬದುವಿನಿಂದ ಆ ಬದುವಿಗೆ ಹೋಗಿ ತಿರುಗಬೇಕು. ಪಂಕಜಾಕ್ಷಿಯ ಬಾಯಿ ಮುಂದೆ ಹೋಗಿತ್ತು, ಕಣ್ಣು ಹೋಗಿರಲಿಲ್ಲ.

ಹೀಗೆ ಕಣ್ಣು ಕಿತ್ತು ಬೇರೆ ಕಡೆ ನೆಟ್ಟದ್ದನ್ನು ಅವಳು ಮುಂಚೆಯೂ ನೋಡಿದ್ದಳು.

*

ಜೀರಿಗೆ ಪೊಟ್ಟಣದ ದಿನ ಅಕಾಲದ ಮಳೆ ಹಿಡಿದಿತ್ತು. ಜಗಲಿ ಒದ್ದೆಯಾಗಿ ಎಲ್ಲರೂ ಒಳಗೆ ಒಲೆಯ ಹತ್ತಿರ ಕೂತು ಅವರೆ ಸುಲಿಯುತ್ತಿದ್ದರು. ಕತೆಯಲ್ಲೂ ಮಳೆ. ಮಲ್ಲಿಗೆ ಜ್ವರ ಏರಿದೆ. ಡಾಕ್ಟರು ಹೊಳೆಯ ಆಚೆ.

ತೀರ್ಥಮ್ಮನ ಕೈಯಲ್ಲಿನ ಅವರೆ ಹಾಗೇ ಉಳಿದಿತ್ತು. ಅವಳ ಮಗಳು ಗೌರಿ ಹೋದದ್ದೂ ಇಂಥದೇ ಮಳೆಯಲ್ಲಿ, ಇಂಥದೇ ಜ್ವರದಲ್ಲಿ. ಅದು ಎಷ್ಟೋ ಕಾಲದ ಮಾತು. ಯಾರೂ ಈಗ ಆ ಹೆಸರು ಎತ್ತುತ್ತಿರಲಿಲ್ಲ, ಅವಳೂ ಎತ್ತುತ್ತಿರಲಿಲ್ಲ.

ಗುರುಶಾಂತಮ್ಮ ಓದುತ್ತ ಓದುತ್ತ ನಿಂತಳು. ಕನ್ನಡಕ ತೆಗೆದು ಸೆರಗಿನಿಂದ ಒರೆಸಿದಳು.

“ಯಾಕಕ್ಕಾ?”

“ಹೊಗೆ ಕಣೇ. ಹಸಿ ಸೌದೆ.”

“ಜ್ವರ ಬಿಡ್ತಾ?”

ಗುರುಶಾಂತಮ್ಮ ಕನ್ನಡಕ ಹಾಕಿಕೊಂಡಳು. ಹಾಳೆ ತೊಡೆಯ ಮೇಲೇ ಇತ್ತು. ಅವಳು ಮಾತ್ರ ಮೊರದಲ್ಲಿದ್ದ ಅವರೆಕಾಳಿನ ರಾಶಿ ನೋಡುತ್ತಿದ್ದಳು.

“ಬಿಡ್ತು,” ಎಂದಳು. “ಬೆಳಗಿನ ಜಾವ ಮೈ ಬೆವತು ಜ್ವರ ಬಿಡ್ತು. ಮಲ್ಲಿ ಎದ್ದು ಕೂತು, ಅವ್ವಾ ಹಸಿವು ಅಂದಳು. ಒಂದು ಬಟ್ಟಲು ಗಂಜಿ ಕುಡಿದಳು.”

ತೀರ್ಥಮ್ಮ ಅಂದು ಮನೆಗೆ ಹೋಗಿ ತಾನೂ ಒಂದು ಬಟ್ಟಲು ಗಂಜಿ ಕಾಯಿಸಿಕೊಂಡು ಕುಡಿದಿದ್ದಳು. ಯಾಕೆಂದು ಅವಳಿಗೇ ಗೊತ್ತಿರಲಿಲ್ಲ.

ಆ ಅವರೆ ಕಾಲದಿಂದ ಈ ಹುಣಸೆ ಕಾಲದವರೆಗೆ ಮಲ್ಲಿ ಬೆಳೆದಳು. ಶಾಲೆಗೆ ಸೇರಿದಳು. ಪಕ್ಕದ ಮನೆಯವರ ಮಾವಿನಕಾಯಿ ಕದ್ದಳು. ಹುಣಸೆಬೀಜವನ್ನು ಲಂಗದ ತುದಿಯಲ್ಲಿ ಗಂಟು ಕಟ್ಟಿಕೊಂಡು ಓಡಾಡಿದಳು, ಥೇಟು ಗೌರಿಯ ಹಾಗೆ. ‘ಅಷ್ಟು ದೂರ ಕೂತು ಬರೆಯೋರಿಗೆ ಇದೆಲ್ಲ ಹೆಂಗೆ ಗೊತ್ತಾಗ್ತದೆ?’ ಎಂದು ತೀರ್ಥಮ್ಮ ಎಷ್ಟೋ ಸಲ ಬೆರಗಾಗಿದ್ದಳು.

*

ದೂರದಲ್ಲಿ ಗಾಡಿ ಕೂಗಿತು.

ತೀರ್ಥಮ್ಮ ಗುರುಶಾಂತಮ್ಮನ ಮಂಡಿಯನ್ನು ಗಟ್ಟಿಯಾಗಿ ಹಿಡಿದಿದ್ದಳು. ಮುಖ ನೋಡಿದಳು. ಕಣ್ಣು ಮುಚ್ಚಿದ ಆ ಮುಖ ಏನನ್ನೂ ಬಿಟ್ಟುಕೊಡಲಿಲ್ಲ.

‘ಎಂಥ ಕಳ್ಳಿ ನೀನು! ಆ ಜ್ವರ ಬಿಟ್ಟೇ ಇರಲಿಲ್ಲ, ಅಲ್ವಾ?’ ಎಂದುಕೊಂಡಳು. ಅಳು ಬರಬೇಕಿತ್ತು. ಬಂದದ್ದು ಬೇರೆ ಏನೋ. ಹೊಟ್ಟೆಯಿಂದ ಎದೆಗೆ, ಎದೆಯಿಂದ ಗಂಟಲಿಗೆ ಹಾಲು ಉಕ್ಕಿದಂತೆ ಉಕ್ಕಿತು.

ಪಂಕಜಾಕ್ಷಿ ಇನ್ನೂ ಜಲ್ಲಿಕಲ್ಲನ್ನೇ ನೋಡುತ್ತಿದ್ದಳು. ಮುಂದಿನ ಮಾತು ಹೊಳೆಯದೆ ತುಟಿ ಒಣಗಿತ್ತು. ತೀರ್ಥಮ್ಮ ಮೈ ಬಗ್ಗಿಸಿ ಅವಳ ಕಿವಿಗೆ ಬಾಯಿಟ್ಟಳು.

“ಅಲ್ಲಿರೋ ಹಂಗೆ ಓದಬ್ಯಾಡ ಮಗಾ. ನಿಮ್ಮತ್ತೆ ಓದ್ತಿದ್ದಂಗೆ ಓದು.”

ಪಂಕಜಾಕ್ಷಿ ಬೆಚ್ಚಿ ನೋಡಿದಳು. ಒಂದು ಕ್ಷಣ ಇಬ್ಬರ ಕಣ್ಣೂ ಕೂಡಿದವು. ಆಮೇಲೆ ಅವಳ ಕಣ್ಣು ತುಂಬಿತು, ದನಿ ಮಾತ್ರ ಗಟ್ಟಿಯಾಯಿತು.

“‘ಮಲ್ಲಿ ನಲ್ಲಿಯ ಹತ್ತಿರದಿಂದ ಓಡಿ ಬಂದಳು. ಅವ್ವಾ, ರೈಲು ಬಂತು! ಎಂದು ಕೂಗಿದಳು…’”

“ಕೂಗಲಿ, ಕೂಗಲಿ! ಆ ಕರಿಯಕ್ಕೆ ಬಂದೋನು ಏನಂದ?” ಹನುಮಂತಮ್ಮ ನಿಂತಲ್ಲೇ ಕುಣಿಯುವುದೊಂದು ಬಾಕಿ.

“‘ಮಗುವನ್ನಾದರೂ ಕಳಿಸಿಕೊಡು ಎಂದ. ವಸುಮತಿ ಎದ್ದು ನಿಂತಳು…’”

ಗಾಡಿ ಬಂದೇ ಬಿಟ್ಟಿತು. ಹೊಂಗೆಯ ಎಲೆ, ವಿಮಾನದ ಹೂವು, ಹೆಂಗಸರ ಸೆರಗು ಎಲ್ಲ ಒಂದೇ ಸಮ ಹಾರಿದವು. ಪಂಕಜಾಕ್ಷಿ ಹಾಳೆಯನ್ನು ಎದೆಗೆ ಒತ್ತಿಕೊಂಡಳು. ಬೋಗಿಯ ಕಿಟಕಿಗಳಲ್ಲಿ ಕೂತವರು ವಿಮಾನ ನೋಡಿ ಕೈ ಮುಗಿದರು. ಬಾಗಿಲಲ್ಲಿ ಕೂತಿದ್ದ ಒಬ್ಬ ಹೆಗಲ ಟವೆಲ್ ತೆಗೆದು ಎದ್ದು ನಿಂತ.

ಸದ್ದು ಅಡಗಿದಾಗ ಗೇಟು ಮೇಲೇಳುತ್ತಿತ್ತು.

“ಎದ್ದು ನಿಂತು? ಹತ್ತಿದ್ಲಾ?” ಎಂದಳು ಹನುಮಂತಮ್ಮ.

ಪಂಕಜಾಕ್ಷಿ ಹಾಳೆ ತಿರುಗಿಸಿ ನೋಡಿದಳು. “ಇಷ್ಟೇ ಇದೆ. ಎದ್ದು ನಿಂತಲ್ಲಿಗೆ ಹಾಳೆ ಮುಗೀತು.” ಅದು ಸುಳ್ಳಲ್ಲವೆಂದು ತೀರ್ಥಮ್ಮನಿಗೆ ಗೊತ್ತಾಯಿತು. ಕಣ್ಣು ಬದುವಿನವರೆಗೂ ಹೋಗಿ ಬಂದಿತ್ತು.

“ಕರ್ಪೂರದ ಪೊಟ್ಟಣ!” ಎಂದು ಷಡಕ್ಷರಿ ಮರದ ಹತ್ತಿರದಿಂದ ಕೂಗಿದ. “ಕಟ್ಟಿನಲ್ಲಿ ಉಳಿದಿದ್ದ ಕೊನೇ ಹಾಳೆ ಅದಕ್ಕೇ ಸುತ್ತಿರೋದು. ಅಯ್ಯನೋರ ಜೋಳಿಗೇಲೈತೆ!”

ಗದ್ದುಗೆಯ ಹತ್ತಿರ ಹೋಗುವಾಗ ಹೆಂಗಸರ ನಡಿಗೆಗೆ ತಮಟೆಯವರೇ ಹಿಂದೆ ಬಿದ್ದರು.

ಅಲ್ಲಿ ನಡೆಯಬೇಕಾದದ್ದು ನಡೆಯಿತು. ಗುರುಶಾಂತಮ್ಮನನ್ನು ಒಳಗೆ ಕೂರಿಸಿದರು, ಬಿಲ್ವಪತ್ರೆ ಹಾಕಿದರು, ಎಲ್ಲರೂ ಹಿಡಿ ಹಿಡಿ ವಿಭೂತಿ ಹಾಕಿದರು. ತೀರ್ಥಮ್ಮ ತನ್ನ ಹಿಡಿ ಹಾಕುವಾಗ ಸೆರಗಿನ ಗಂಟಿನಿಂದ ಎರಡು ಹುಣಸೆಬೀಜ ಬಿಚ್ಚಿ ಅದರ ಜೊತೆಗೇ ಬಿಟ್ಟಳು. ಯಾರೂ ನೋಡಲಿಲ್ಲ. ಮಣ್ಣು ಮುಚ್ಚಿ, ಕರ್ಪೂರ ಹಚ್ಚಿ ಆದಮೇಲೆ ಅಯ್ಯನವರು ಖಾಲಿ ಕಾಗದವನ್ನು ತಾವಾಗಿಯೇ ಅವಳ ಕಡೆ ಚಾಚಿದರು. “ಹರಿದಿಲ್ಲ ತಾಯಿ. ದಾರ ಬಿಚ್ಚಿಯೇ ತೆಗೆದೆ,” ಎಂದರು.

*

ದೀಪ ಹಚ್ಚುವ ಹೊತ್ತಿಗೆ ಎಲ್ಲರೂ ಸ್ನಾನ ಮಾಡಿ ಜಗಲಿಗೆ ಬಂದಿದ್ದರು. ಅಕ್ಕಪಕ್ಕದವರು ಅನ್ನ, ಸಾರು ತಂದಿಟ್ಟು ಹೋಗಿದ್ದರು. ಗಂಗಾಧರಯ್ಯ ಕಂಬಕ್ಕೆ ಒರಗಿ ಕೂತಿದ್ದ. ಗುರುಶಾಂತಮ್ಮ ಅರ್ಧ ಜಜ್ಜಿ ಬಿಟ್ಟಿದ್ದ ಹುಣಸೆಹಣ್ಣಿನ ಬುಟ್ಟಿ ಗೋಣಿ ಹೊದ್ದು ಮೂಲೆಯಲ್ಲಿತ್ತು.

“ಅರ್ಧಕ್ಕೆ ಬಿಟ್ರೆ ಕಪ್ಪಾಗ್ತದೆ,” ಎಂದು ಹನುಮಂತಮ್ಮ ಗೋಣಿ ತೆಗೆದಳು. ಒಬ್ಬೊಬ್ಬರೇ ಸುತ್ತ ಕೂತರು. ಗೋಡೆಯ ಹತ್ತಿರದ ಜಾಗ ಖಾಲಿ ಉಳಿಯಿತು. ಯಾರೂ ಅತ್ತ ನೋಡಲಿಲ್ಲ.

ತೀರ್ಥಮ್ಮ ಎದ್ದು ಹೋಗಿ ಅಲ್ಲಿ ಕೂತಳು. ಕರ್ಪೂರದ ಘಮ ಹೊಡೆಯುವ ಹಾಳೆಯನ್ನು ಸೆರಗಿನಿಂದ ತೆಗೆದು, ತೊಡೆಯ ಮೇಲೆ ಹರಡಿ, ಅಂಗೈಯಿಂದ ನೀವಿದಳು. ಅದರ ತುಂಬ ಒಂದೇ ಚಿತ್ರ. ಮಂಡಿಯವರೆಗೆ ಕೂದಲು ಇಳಿಬಿಟ್ಟ ಹೆಂಗಸು, ಕೈಯಲ್ಲಿ ಎಣ್ಣೆ ಸೀಸೆ. ಹಿಂದೆ ತಿರುಗಿಸಿದರೆ ಸೈಕಲ್ಲಿನ ಚಿತ್ರ. ಲಾಟೀನಿನವಳು ಎಲ್ಲೂ ಇರಲಿಲ್ಲ.

“ಎದ್ದು ನಿಂತಳಲ್ಲ,” ಎಂದಳು ತೀರ್ಥಮ್ಮ.

“ಹ್ಞಾ, ನಿಂತಳು!” ಹನುಮಂತಮ್ಮ ಕಲ್ಲು ಕೆಳಗಿಟ್ಟಳು.

“ಮೊದಲು ರೈಲು ಹತ್ತಿದ್ದು ಮಲ್ಲಿನೇ. ಲಂಗದ ತುದೀಲಿ ಬೀಜ ಗಂಟು ಕಟ್ಟಿದ್ಲಲ್ಲ, ಅದು ಬಾಗಿಲಿಗೆ ಸಿಕ್ಕೊಳ್ತು…”

ದೀಪ ಹಿಡಿದು ಬಂದ ಪಂಕಜಾಕ್ಷಿ ಹಾಳೆಯ ಮೇಲೆ ಬೆಳಕು ಬೀಳುವಂತೆ ಅದನ್ನು ಪಕ್ಕದಲ್ಲಿಟ್ಟಳು. ಎಣ್ಣೆ ಸೀಸೆಯ ಹೆಂಗಸನ್ನು ನೋಡಿದಳು. ಏನೋ ಹೇಳಲು ಬಾಯಿ ತೆರೆದಳು. ಆಮೇಲೆ ಅಲ್ಲೇ ಕೂತು, ಹುಣಸೆ ಬುಟ್ಟಿಯನ್ನು ತನ್ನ ಕಡೆಗೆ ಎಳೆದುಕೊಂಡಳು.

“ಹೂಂ,” ಎಂದಳು. “ಆಮೇಲೆ?”

ತೀರ್ಥಮ್ಮ ಹಾಳೆಯ ಮೇಲೆ ಬೆರಳಿಟ್ಟು, ಹುಣಸೆಬೀಜದ ರಾಶಿಯನ್ನು ನೋಡುತ್ತ, ಮುಂದೆ ಓದಿದಳು.